ಮಿನಿ ಡೇ ಲಿಲ್ಲಿ: 19 ಹೂವಿಗೆ ಪರಾಗ ಮುಟ್ಟಿಸಿದೆ, ಒಂದೂ ಕಾಯಿ ನಿಲ್ಲಲಿಲ್ಲ

ಮಹಡಿ ಕುಂಡ | ಕೌಲ್ ಬಜಾರ್, ಬಳ್ಳಾರಿ | ಏಪ್ರಿಲ್ 14

ಎಲ್ಲರಿಗೂ ನಮಸ್ಕಾರ. ನಮ್ಮ ಮಹಡಿ ಮೇಲೆ ಸಣ್ಣಪುಟ್ಟದ್ದೆಲ್ಲ ಸೇರಿ 40 ಕುಂಡ ಇವೆ. ಎರಡು ವರ್ಷದ ಹಿಂದೆ ಒಂದು ಆನ್‌ಲೈನ್ ಅಂಗಡಿಯಿಂದ ಐದು ಮಿನಿ ಡೇ ಲಿಲ್ಲಿ ತರಿಸಿದ್ದೆ. ಎರಡು ಮೊದಲ ಮಳೆಗಾಲದಲ್ಲೇ ಬುಡ ಕೊಳೆತು ಹೋದವು. ಒಂದು ಮಾತ್ರ ಈರುಳ್ಳಿ ಥರದ ಗಡ್ಡೆ ಬಂದಿತ್ತು. ಮಿರಗದ ಮಳೆ ಬಿದ್ದ ನಾಲ್ಕನೇ ದಿನ ಗುಲಾಬಿ ಬಣ್ಣದ ಹೂ ಬಿಟ್ಟಿತು. ಚೆಂದ ಇತ್ತು, ಆದರೆ ಅದು ಮಳೆ ಲಿಲ್ಲಿ ಅಂತ ಆಮೇಲೆ ಗೊತ್ತಾಯಿತು. ಉಳಿದದ್ದು ಎರಡು. ಒಂದು ಹಳದಿ, ಚೀಟಿಯಲ್ಲಿ ‘ಸ್ಟೆಲ್ಲಾ ಡಿ ಓರೋ’ ಅಂತಿದೆ. ಇನ್ನೊಂದು ಒಣ ಮೆಣಸಿನಕಾಯಿ ಕೆಂಪು, ಚೀಟಿ ಇಲ್ಲ. ಇವುಗಳ ಜೊತೆ ಪಕ್ಕದ ಮನೆಯವರು ಕೊಟ್ಟ ಎತ್ತರದ ಕಿತ್ತಳೆ ಬಣ್ಣದ್ದು ಒಂದಿದೆ.

ಈ ಸಲ ನಾನೇ ಒಂದು ಹೊಸ ಬಣ್ಣ ಮಾಡೋಣ ಅಂತ ಆಸೆ ಹುಟ್ಟಿತು. ಯುಗಾದಿ ಆಸುಪಾಸಿನಲ್ಲಿ ಮೂರೂ ಹೂ ಬಿಟ್ಟವು. ಅಡುಗೆ ಕೆಲಸ ಮುಗಿಸಿ ದಿನಾ ಹನ್ನೊಂದರ ಹೊತ್ತಿಗೆ ಮೇಲೆ ಹೋಗಿ ಕೆಂಪು ಹೂವಿನ ಪರಾಗವನ್ನು ಹಳದಿಗೆ, ಹಳದಿಯದನ್ನು ಕಿತ್ತಳೆಗೆ ಮುಟ್ಟಿಸಿದೆ. ಒಟ್ಟು 19 ಹೂ. ಗಿಡ ಚೊಕ್ಕ ಕಾಣಲಿ ಅಂತ ಅತ್ತೆ ಬಾಡಿದ ಹೂ ಕೀಳುವಾಗ ಅದರಲ್ಲಿ ನಾಲ್ಕು ಹೋದವು. ಉಳಿದ 15 ಮೂರು ನಾಲ್ಕು ದಿನದಲ್ಲಿ ಬುಡ ಹಳದಿಯಾಗಿ ತಾವೇ ಉದುರಿದವು. ನನ್ನ ತಪ್ಪು ಎಲ್ಲಿ?

ಎಡೆದೊರೆ ಮಾಸ್ತರ | ರಾಯಚೂರು | ಏಪ್ರಿಲ್ 14

ತಂಗೀ, ನಗಬಾರದು, ಆದರೂ ನಕ್ಕೆ. ಏಪ್ರಿಲ್ ತಿಂಗಳು, ಬಳ್ಳಾರಿ, ಮಹಡಿ, ಹನ್ನೊಂದು ಗಂಟೆ. ಇದರಲ್ಲಿ ಯಾವುದಾದರೂ ಒಂದು ಬೇರೆ ಇದ್ದಿದ್ದರೆ ಒಂದೆರಡು ಕಾಯಿ ನಿಲ್ಲುತ್ತಿದ್ದವೇನೋ. ಬಿಸಿ 32 ಡಿಗ್ರಿ ದಾಟಿದ ಮೇಲೆ ಡೇ ಲಿಲ್ಲಿ ಕಾಯಿ ಕಟ್ಟುವುದು ಕಡಿಮೆಯಾಗುತ್ತಾ ಹೋಗುತ್ತದೆ. ಆ ಹೊತ್ತಿಗೆ ನಿಮ್ಮ ಸಿಮೆಂಟು ನೆಲದ ಮೇಲೆ ಹಪ್ಪಳ ಒಣಗಿಸಬಹುದು.

ಮೊದಲು ಕಿತ್ತಳೆ ಬಣ್ಣದ್ದನ್ನು ಪಟ್ಟಿಯಿಂದ ತೆಗೆದುಬಿಡಿ. ಫೋಟೋ ನೋಡಿದರೆ ಅದು ಹಳೇ ಬಂಗಲೆಗಳಲ್ಲಿ ಇರುವ ಫುಲ್ವಾ ಅನ್ನಿಸುತ್ತದೆ. ಸಾಧಾರಣ ಡೇ ಲಿಲ್ಲಿಗೆ 22 ಕ್ರೋಮೋಸೋಮ್ ಇರುತ್ತವೆ, ಅದಕ್ಕೆ 33. ಮೂರರಲ್ಲಿ ಜೋಡಿ ಮಾಡಲು ಹೋದರೆ ಒಂದು ಒಂಟಿ ಉಳಿಯುತ್ತದೆ ಅಲ್ವಾ, ಹಾಗೆ. ಅದು ಹರಡುವುದೆಲ್ಲ ಬೇರಿನಿಂದ, ಮರಿಯಿಂದ. ಇಷ್ಟು ವರ್ಷದಲ್ಲಿ ಅದರಲ್ಲಿ ಒಂದು ಕಾಯಿ ನಿಂತದ್ದನ್ನು ನಾನು ಕಂಡಿಲ್ಲ.

ಇನ್ನು ಹೊತ್ತಿನ ವಿಚಾರ. ಬೆಳಿಗ್ಗೆ ಆರೂವರೆಗೆ ಹೂ ಅರಳಿರುತ್ತದೆ. ಆಗ ತಂಪು, ಆದರೆ ಪರಾಗದ ಚೀಲ ಇನ್ನೂ ಒಡೆದಿರುವುದಿಲ್ಲ. ಅದು ಒಡೆಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇದಕ್ಕೆ ಉಪಾಯ ನಿನ್ನೆಯ ಪರಾಗ. ಚೀಲ ಒಡೆದು ಹಳದಿ ಹುಡಿ ಕಂಡ ತಕ್ಷಣ ಆರೂ ಕೇಸರದ ತುದಿಗಳನ್ನು ಚಿಮಟದಿಂದ ಕಿತ್ತುಕೊಳ್ಳಿ. ನೆರಳಿನಲ್ಲಿ ಒಂದೆರಡು ತಾಸು ಆರಿಸಿ. ಕಾಗದದಲ್ಲಿ ಮಡಚಿ ಸಣ್ಣ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಜೊತೆಗಿಟ್ಟು ಫ್ರಿಜ್‌ನಲ್ಲಿಡಿ. ಮರುದಿನ ಬೆಳಿಗ್ಗೆ ಆರೂವರೆಗೆ ಹೂವಿನ ನಡುವಿನ ಉದ್ದ ಕಡ್ಡಿಯ ತುದಿಗೆ ಮುಟ್ಟಿಸಿ. ಹುಡಿಗೆ ತೇವ ತಾಕಬಾರದು, ಅದೊಂದೇ ಎಚ್ಚರ. ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಫೆಬ್ರವರಿಯ ಹೂವಿನ ಪರಾಗವನ್ನು ಸೆಪ್ಟೆಂಬರ್‌ ಹೂವಿಗೆ ಹಾಕಿ ಕಾಯಿ ತೆಗೆದಿದ್ದೇನೆ.

ನಮ್ಮ ಕಡೆ ಕ್ರಾಸ್ ಮಾಡಲು ಎರಡೇ ಹದ. ಒಂದು ಶಿವರಾತ್ರಿಗೆ ಮುಂಚೆ. ಇನ್ನೊಂದು ಗಣೇಶನ ಹಬ್ಬದಿಂದ ದೀಪಾವಳಿವರೆಗೆ. ಈಗ ಗಿಡ ಬದುಕಿಸಿಕೊಳ್ಳಿ, ಸಾಕು.

ಮಲ್ಲಿಗೆ ಮೊಳ | ಕೊಪ್ಪಳ | ಏಪ್ರಿಲ್ 15

ಎಲ್ಲರೂ ಬೇಜಾರಾಗಬೇಡಿ, ನನಗೊಂದು ಅನುಮಾನ. ಒಂದೇ ದಿನ ಇರುವ ಹೂವು, ಮುಡಿಯಲು ಬರುವುದಿಲ್ಲ, ವಾಸನೆಯೂ ಇಲ್ಲ. ಪಕ್ಕದಲ್ಲೇ ಹೂವಿನ ಹಡಗಲಿ ಇದೆ. ಅಲ್ಲಿನ ಮಲ್ಲಿಗೆಗೆ ಜಿಐ ಗುರುತೇ ಸಿಕ್ಕಿದೆ. ಅದನ್ನು ಬಿಟ್ಟು ಫ್ರಿಜ್‌ನಲ್ಲಿ ಪರಾಗ ಇಡುವಷ್ಟು ಏನಿದೆ ಇದರಲ್ಲಿ?

ಮಹಡಿ ಕುಂಡ | ಬಳ್ಳಾರಿ | ಏಪ್ರಿಲ್ 15

ಅಕ್ಕಾ, ಮಲ್ಲಿಗೆಯೂ ಇದೆ, ಎರಡು ಕುಂಡ. ಡೇ ಲಿಲ್ಲಿ ಹೂ ಒಂದು ದಿನವೇ, ಆದರೆ ಒಂದು ದಂಟಿಗೆ ಹತ್ತು ಹದಿನೈದು ಮೊಗ್ಗು ಇರುತ್ತವೆ. ಇವತ್ತಿನದು ಸಂಜೆಗೆ ಬಾಡಿದರೆ ನಾಳೆಯದು ತಯಾರು. ಬೆಳಿಗ್ಗೆ ಎದ್ದು ಯಾವುದು ಅರಳಿದೆ ಅಂತ ನೋಡಲು ಹೋಗುವುದೇ ಒಂದು ಖುಷಿ. ಹಳದಿಗೆ ಸಣ್ಣ ವಾಸನೆಯೂ ಇದೆ, ಮೂಗು ಹತ್ತಿರ ಇಡಬೇಕು.

ಗದ್ದೆ ಬದು | ಗಂಗಾವತಿ | ಏಪ್ರಿಲ್ 16

ಕೊಳೆತ ಎರಡರ ಬಗ್ಗೆ ಯಾರೂ ಹೇಳಲಿಲ್ಲ. ಯಾವ ಮಣ್ಣು ಹಾಕಿದ್ದಿರಿ? ಎರೆ ಮಣ್ಣೇ ಇರಬೇಕು. ಬಳ್ಳಾರಿಯಲ್ಲಿ ಕುಂಡಕ್ಕೆ ಮಣ್ಣು ಅಂದರೆ ಯಾರೋ ಒಬ್ಬರು ಹೊಲದಿಂದ ಎರೆ ತಂದು ಸುರಿಯುತ್ತಾರೆ. ಹತ್ತಿಗೆ, ಜೋಳಕ್ಕೆ ಅದು ಬಂಗಾರ. ಕುಂಡದಲ್ಲಿ ಮಳೆಗಾಲಕ್ಕೆ ಜಿಗುಟು, ಬೇಸಿಗೆಯಲ್ಲಿ ಬಿರುಕು.

ನಾನು ಹಾಕುವ ಮಿಶ್ರಣ: ಮಸಾರಿ ಅಂದರೆ ಕೆಂಪು ಮಣ್ಣು ಎರಡು ಬುಟ್ಟಿ, ಹಳೇ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ದಪ್ಪ ಮರಳು ಒಂದು ಬುಟ್ಟಿ, ಎರಡು ಬೊಗಸೆ ಭತ್ತದ ಹೊಟ್ಟು. ನಮ್ಮೂರಲ್ಲಿ ರೈಸ್ ಮಿಲ್‌ಗೇನು ಬರವಿಲ್ಲ, ಹೊಟ್ಟು ಬೇಕಾದಷ್ಟು. ಆದರೆ ಮಿಲ್ಲಿನ ಬೂದಿ ಹಾಕಬೇಡಿ. ನಮ್ಮ ಮಣ್ಣು ಮೊದಲೇ ಸುಣ್ಣದ್ದು, ಬೂದಿ ಅದನ್ನು ಇನ್ನೂ ಕೆಡಿಸುತ್ತದೆ.

ನೆಡುವಾಗ ಬೇರು ಎಲೆ ಸೇರುವ ಜಾಗ ಮಣ್ಣಿನೊಳಗೆ ಒಂದು ಇಂಚಿಗಿಂತ ಜಾಸ್ತಿ ಇಳಿಯಬಾರದು. ಅಂಗಡಿಯಿಂದ ಬಂದ ಗಿಡವನ್ನು ಭದ್ರವಾಗಿರಲಿ ಅಂತ ಆಳಕ್ಕೆ ಹೂಳುತ್ತಾರೆ. ಅಲ್ಲೇ ಕೊಳೆ ಶುರು. ಇನ್ನೊಂದು ಮಾತು, ಡೇ ಲಿಲ್ಲಿಗೆ ಗಡ್ಡೆ ಇರುವುದೇ ಇಲ್ಲ. ಬೇರಿನ ಗೊಂಚಲು, ನಡುನಡುವೆ ಶೇಂಗಾ ಕಾಯಿ ಹಾಗೆ ಉಬ್ಬಿದ ಬೇರು, ಅಷ್ಟೇ. ಮುಂದೆ ಯಾರಾದರೂ ‘ಡೇ ಲಿಲ್ಲಿ ಗಡ್ಡೆ’ ಅಂತ ದುಂಡಗಿನದು ಕಳಿಸಿದರೆ ಪೊಟ್ಟಣ ಬಿಚ್ಚಿದ ಕೂಡಲೇ ವಾಪಸ್ ಮಾಡಿ.

ಗಣಿ ಗುಡ್ಡ | ಸಂಡೂರು | ಏಪ್ರಿಲ್ 16

ಮಹಡಿ ಕುಂಡ ಅವರೇ, ನಿಮ್ಮ ಫೋಟೋದಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಾಣುತ್ತಿದೆ. ಅದು ಕಬ್ಬಿಣದ ಕೊರತೆ. ನಮ್ಮ ಜಿಲ್ಲೆಯ ಕರ್ಮ ನೋಡಿ. ಗಾಳಿಯಲ್ಲಿ ಅದಿರಿನ ಧೂಳು, ತೊಳೆದ ಬಟ್ಟೆಯೂ ಕೆಂಪು, ಆದರೆ ಕುಂಡದ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ! ಮಣ್ಣು, ನೀರು ಎರಡೂ ಸುಣ್ಣದ ಗುಣದ್ದಾದರೆ ಕಬ್ಬಿಣ ಇದ್ದರೂ ಬೇರಿಗೆ ಕರಗಿ ಬರುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ ಕೇಳಿ. ಇಡಿಟಿಎ ಬೇಡ, ಇಡಿಡಿಎಚ್‌ಎ ಅಂತ ಬರೆದಿರುವುದು ಇಂಥ ಮಣ್ಣಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಬೋರ್ ನೀರು ಹಾಕುತ್ತೀರಾ? ಮನೆಯಲ್ಲಿ ಎಸಿ ಇದ್ದರೆ ಅದರಿಂದ ತೊಟ್ಟಿಕ್ಕುವ ನೀರು ಹಿಡಿದಿಡಿ, ಅದರಲ್ಲಿ ಉಪ್ಪಿಲ್ಲ. ಕುಡಿಯುವ ನೀರಿನ ಫಿಲ್ಟರ್‌ನಿಂದ ಹೊರಬರುವ ನೀರು ಮಾತ್ರ ಬೇಡ. ವ್ಯರ್ಥ ಆಗುತ್ತದಲ್ಲ ಅಂತ ನಾನು ಒಂದು ವರ್ಷ ಅದನ್ನೇ ಹಾಕಿ ಎಲೆ ತುದಿ ಎಲ್ಲ ಸುಟ್ಟುಕೊಂಡೆ. ಉಪ್ಪೆಲ್ಲ ಸೇರಿರುವುದು ಅದರಲ್ಲೇ.

ಮಹಡಿ ಕುಂಡ | ಬಳ್ಳಾರಿ | ಏಪ್ರಿಲ್ 16

ಅಯ್ಯೋ, ನಾನು ಹಾಕುತ್ತಿದ್ದದ್ದೇ ಅದು. ದಿನಾ ಎರಡು ಬಕೆಟ್.

ಚಿಗುರು | ಸಿಂಧನೂರು | ಏಪ್ರಿಲ್ 19

ಮಾಸ್ತರೇ, ಮೂರು ಪ್ರಶ್ನೆ. ಒಂದು, ಮಿನಿ ಅಂದರೆ ಗಿಡ ಗಿಡ್ಡ ಇರಬೇಕಾ, ಹೂ ಸಣ್ಣದಿರಬೇಕಾ? ನನ್ನ ಹತ್ತಿರ ಒಂದಡಿ ಎತ್ತರದ್ದಿದೆ, ಹೂ ಮಾತ್ರ ಅಂಗೈ ಅಗಲ. ಎರಡು, ಟೆಟ್ರಾಪ್ಲಾಯ್ಡ್, ಅಂದರೆ ಕ್ರೋಮೋಸೋಮ್ ಇಮ್ಮಡಿಯಾದ ಗಿಡದ ಹೂವಿನ ದಳ ದಪ್ಪ ಅಂತಾರೆ. ಕಾಲ್ಚಿಸಿನ್ ಹಾಕಿ ಮನೆಯಲ್ಲೇ ಮಾಡಬಹುದಾ? ಮೂರು, ಅಮೆರಿಕದಲ್ಲಿರುವ ಮಾವನ ಮಗ ಬೀಜ ಲಕೋಟೆಯಲ್ಲಿ ಹಾಕಿ ಕಳಿಸುತ್ತೇನೆ ಅನ್ನುತ್ತಿದ್ದಾನೆ, ತರಿಸಲಾ?

ಎಡೆದೊರೆ ಮಾಸ್ತರ | ರಾಯಚೂರು | ಏಪ್ರಿಲ್ 19

ಮೂರನೆಯದಕ್ಕೆ ಮೊದಲು ಉತ್ತರ: ಬೇಡ. ಹೊರದೇಶದ ಬೀಜ, ಗಿಡಕ್ಕೆ ಅನುಮತಿ ಪತ್ರ, ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಇರುವುದೇ ಇದಕ್ಕೆ. ಡೇ ಲಿಲ್ಲಿಗೆ ತನ್ನದೇ ಒಂದು ತುಕ್ಕು ರೋಗ ಇದೆ. ಎಲೆ ಮೇಲೆ ಕಿತ್ತಳೆ ಹುಡಿ ಏಳುತ್ತದೆ, ಬೆರಳಿಗೆ ಅಂಟುತ್ತದೆ. ಅಮೆರಿಕಕ್ಕೆ ಅದು 2000ರಲ್ಲಿ ಕಾಲಿಟ್ಟು ಕೆಲವೇ ವರ್ಷದಲ್ಲಿ ಊರೂರಿಗೆ ಹರಡಿತು, ಹರಡಿದ್ದು ಗಿಡಗಳ ಕೊಡುಕೊಳ್ಳುವಿಕೆಯಿಂದ. ಲಕೋಟೆಯ ಆಸೆ ಬಿಡಿ.

ಎರಡನೆಯದು. ಕಾಲ್ಚಿಸಿನ್ ವಿಷ. ನಮ್ಮ ಬೇಲಿಯಲ್ಲಿ ಬೆಳೆಯುವ ಅಗ್ನಿಶಿಖೆಯ ಗಡ್ಡೆಯಲ್ಲಿ, ಬೀಜದಲ್ಲಿ ಇರುವುದು ಅದೇ. ತಿಂದು ಸತ್ತವರಿದ್ದಾರೆ. ಅಡುಗೆಮನೆ ಪಕ್ಕದಲ್ಲಿ ಮಾಡುವ ಕೆಲಸ ಅಲ್ಲ. ಹಾಗೆ ಮಾಡಿದ ಗಿಡಕ್ಕೆ 44 ಕ್ರೋಮೋಸೋಮ್ ಆಗುತ್ತವೆ. ಆಮೇಲೆ ಅದು 22ರ ಗಿಡದ ಜೊತೆ ಕೂಡುವುದಿಲ್ಲ. ಸ್ಟೆಲ್ಲಾ 22ರದು. ಹಳೇ ಮಿನಿ ಜಾತಿಗಳಲ್ಲಿ ಹೆಚ್ಚಿನವು 22ರವೇ. ಅಲ್ಲೇ ಆಟ ಆಡಲು ಬೇಕಾದಷ್ಟಿದೆ.

ಇನ್ನು ಮಿನಿ. ಅಳೆಯುವುದು ಹೂವನ್ನು, ಗಿಡವನ್ನಲ್ಲ. ಹೂ 3 ಇಂಚಿಗಿಂತ ಕಡಿಮೆ ಅಗಲ ಇದ್ದರೆ ಮಿನಿ. 3ರಿಂದ ನಾಲ್ಕೂವರೆ ಇಂಚಿನೊಳಗಿದ್ದರೆ ಸಣ್ಣ ಹೂ. ಅದರ ಮೇಲೆ ದೊಡ್ಡದು. ದಂಟು ಮೂರಡಿ ಇದ್ದು ತುದಿಯಲ್ಲಿ ಎರಡೂವರೆ ಇಂಚಿನ ಹೂ ಇದ್ದರೂ ಅದು ಮಿನಿಯೇ. ನಿಮ್ಮದು ಗಿಡ್ಡ ಗಿಡ, ದೊಡ್ಡ ಹೂ.

ಸ್ಟೆಲ್ಲಾದ ಕತೆ ಹೇಳಿಬಿಡುತ್ತೇನೆ, ಹವ್ಯಾಸದವರಿಗೆ ಹುರುಪು ಬರಲಿ. ಅದನ್ನು ಮಾಡಿದ್ದು ದೊಡ್ಡ ಕಂಪನಿಯಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ವಾಲ್ಟರ್ ಜಬ್ಲೋನ್ಸ್ಕಿ ಎಂಬ ಹವ್ಯಾಸಿ. 1975ರಲ್ಲಿ ಅದರ ಹೆಸರು ನೋಂದಣಿ ಆಯಿತು. ಹೂ 2.75 ಇಂಚು, ದಂಟು 11 ಇಂಚು. ಹತ್ತು ವರ್ಷದ ನಂತರ, 1985ರಲ್ಲಿ, ಡೇ ಲಿಲ್ಲಿಯ ಅತಿ ದೊಡ್ಡ ಗೌರವವಾದ ಸ್ಟೌಟ್ ಪದಕ ಈ ಪುಟ್ಟ ಹಳದಿ ಹೂವಿಗೆ ಬಂತು. ಅದರ ಹೆಚ್ಚುಗಾರಿಕೆ ಬಣ್ಣದಲ್ಲಿರಲಿಲ್ಲ. ಒಂದು ಸಲ ಹೂ ಬಿಟ್ಟು ಸುಮ್ಮನಾಗದೆ ಮತ್ತೆ ಮತ್ತೆ ದಂಟು ಹಾಕುವ ಗುಣ ಅದರದು.

ಅದರ ಒಂದು ದೋಷ ನಮಗೆ ಮುಖ್ಯ. ಅದು ಚಳಿಗಾಲದಲ್ಲಿ ಎಲೆ ಒಣಗಿಸಿ ಮಲಗುವ ಜಾತಿ. ನಮ್ಮ ಬಳ್ಳಾರಿ, ರಾಯಚೂರಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಮಲಗಲು ಚಳಿ ಸಿಗದೆ ವರ್ಷ ವರ್ಷಕ್ಕೆ ಸೊರಗುತ್ತದೆ. ವರ್ಷವಿಡೀ ಹಸಿರಾಗಿರುವ ಜಾತಿ ಇಲ್ಲಿ ಚೆನ್ನಾಗಿ ಬಾಳುತ್ತದೆ. ತಂಗೀ, ನಿಮ್ಮ ಕೆಂಪು ಗಿಡ ಡಿಸೆಂಬರ್‌ನಲ್ಲಿ ಹೇಗಿರುತ್ತದೆ?

ಮಹಡಿ ಕುಂಡ | ಬಳ್ಳಾರಿ | ಏಪ್ರಿಲ್ 19

ಹಸಿರೇ ಇರುತ್ತದೆ ಮಾಸ್ತರೇ. ಹಳದಿ ಅರ್ಧ ಒಣಗುತ್ತದೆ. ಆದರೆ ಕೆಂಪು ಹೂ ಮಧ್ಯಾಹ್ನಕ್ಕೆ ಒದ್ದೆ ಕಾಗದದ ಹಾಗೆ ಆಗಿಬಿಡುತ್ತದೆ. ಹಳದಿ ಸಂಜೆ ಐದರವರೆಗೂ ನೆಟ್ಟಗಿರುತ್ತದೆ.

ಎಡೆದೊರೆ ಮಾಸ್ತರ | ರಾಯಚೂರು | ಏಪ್ರಿಲ್ 20

ಸರಿಯಾಗಿ ನೋಡಿದ್ದೀರಿ. ಹಳದಿ, ಕಿತ್ತಳೆ ಬಣ್ಣ ಕ್ಯಾರೆಟ್ಟಿನಲ್ಲಿರುವ ಕ್ಯಾರೊಟಿನ್ ಕುಲದ್ದು, ಬಿಸಿಲಿಗೆ ಗಟ್ಟಿ. ಕೆಂಪು, ನೇರಳೆ ಬಣ್ಣ ದಳದ ರಸದಲ್ಲಿ ಕರಗಿರುತ್ತದೆ. ಬಿಸಿಲಿಗೆ ಬೇಗ ಕೆಡುತ್ತದೆ, ಮಳೆ ಹನಿ ಬಿದ್ದರೆ ಚುಕ್ಕೆ ಬೀಳುತ್ತದೆ. ಗಾಢ ಬಣ್ಣದ ಕುಂಡಗಳನ್ನು ಮೂಡಣ ಗೋಡೆಗೆ ಸರಿಸಿ. ಬೆಳಗಿನ ಬಿಸಿಲು ಹನ್ನೊಂದರವರೆಗೆ ಸಾಕು. ಮೇಲೆ ಅರ್ಧ ನೆರಳಿನ ಪರದೆ ಕಟ್ಟಿ.

ಹಾಗಾದರೆ ನಿಮ್ಮ ಕೆಲಸ ಇಷ್ಟು: ಕೆಂಪಿನ ಹಸಿರು ಬಾಳಿಕೆ, ಹಳದಿಯ ಪುಟ್ಟ ಅಳತೆ ಎರಡೂ ಒಂದೇ ಗಿಡದಲ್ಲಿ ಬರಬೇಕು. ಮೊದಲ ತಲೆಮಾರಿಗೇ ಸಿಗಲಿಕ್ಕಿಲ್ಲ. ಕೆಂಪು ಹಳದಿ ಕೂಡಿದರೆ ಮಾಸಲು ಬಣ್ಣವೇ ಜಾಸ್ತಿ ಬರುತ್ತದೆ, ಈಗಲೇ ಹೇಳಿರುತ್ತೇನೆ.

ಬೆಕ್ಕಿನಮ್ಮ | ಸತ್ಯನಾರಾಯಣಪೇಟೆ, ಬಳ್ಳಾರಿ | ಏಪ್ರಿಲ್ 23

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಎರಡು ಬೆಕ್ಕು ಇವೆ. ಡೇ ಲಿಲ್ಲಿ ಇಡಬಹುದಾ?

ಗಣಿ ಗುಡ್ಡ | ಸಂಡೂರು | ಏಪ್ರಿಲ್ 23

ಬೇಡವೇ ಬೇಡ. ಎಲೆ, ಹೂ, ಪರಾಗ ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಮೈ ಮೇಲೆ ಬಿದ್ದ ಪರಾಗ ನೆಕ್ಕಿದರೂ ಅಪಾಯ. ತಿಂದದ್ದು ಗೊತ್ತಾದರೆ ಕಾಯದೆ ಪಶುವೈದ್ಯರ ಹತ್ತಿರ ಓಡಬೇಕು. ನೀವು ದಾಸವಾಳ ಬೆಳೆಸಿ.

ಮಲ್ಲಿಗೆ ಮೊಳ | ಕೊಪ್ಪಳ | ಏಪ್ರಿಲ್ 23

ಬೆಕ್ಕಿಗೆ ವಿಷ, ಮನುಷ್ಯರಿಗೆ? ಚೀನಾದಲ್ಲಿ ಇದರ ಮೊಗ್ಗು ಒಣಗಿಸಿ ಸಾರಿಗೆ ಹಾಕುತ್ತಾರೆ ಅಂತ ಎಲ್ಲೋ ಓದಿದ ನೆನಪು. ಮಿರ್ಚಿ ಬಜ್ಜಿ ಹಿಟ್ಟಿನಲ್ಲಿ ಅದ್ದಿ ಕರಿದರೆ ಹೇಗೆ?

ಗದ್ದೆ ಬದು | ಗಂಗಾವತಿ | ಏಪ್ರಿಲ್ 24

ನಿಜ, ಅಲ್ಲಿ ಒಣ ಮೊಗ್ಗಿಗೆ ‘ಬಂಗಾರದ ಸೂಜಿ’ ಅನ್ನುವ ಹೆಸರಿದೆ. ಆದರೆ ಅಲ್ಲಿ ಬಳಸುವುದು ಅಡುಗೆಗೆಂದೇ ಬೆಳೆಸಿದ ಜಾತಿ, ಅದನ್ನೂ ಹಸಿಯಾಗಿ ತಿನ್ನುವುದಿಲ್ಲ. ನರ್ಸರಿ ಗಿಡಕ್ಕೆ ಏನೇನು ಔಷಧಿ ಹೊಡೆದಿರುತ್ತಾರೋ ದೇವರಿಗೇ ಗೊತ್ತು. ನೀವು ಮೆಣಸಿನಕಾಯಿಯನ್ನೇ ಅದ್ದಿ, ಮಂಡಕ್ಕಿ ಒಗ್ಗರಣೆ ಜೊತೆ ನನಗೂ ಒಂದು ತಟ್ಟೆ ಇಡಿ.

ಔಷಧಿ ಅಂದಾಗ ನೆನಪಾಯಿತು. ಮೊಗ್ಗು ಸೊಟ್ಟಗಾಗಿ, ದಂಟಿನ ಮೇಲೆ ಕಂದು ಗೀರು ಬಿದ್ದರೆ ಅದು ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ. ನಮ್ಮ ಕಡೆ ಮೆಣಸಿನಕಾಯಿ ಹೊಲ ಇರುವ ಕಡೆಯೆಲ್ಲ ಅದರ ಕಾಟ. ನೀಲಿ ಅಂಟು ಹಾಳೆ ಕಟ್ಟಿ, ಸಂಜೆ ಬೇವಿನ ಎಣ್ಣೆ ಹೊಡೆಯಿರಿ. ಬೆಳಿಗ್ಗೆ ಹೊಡೆದರೆ ಜೇನು ಹುಳಕ್ಕೂ ತೊಂದರೆ, ಬಿಸಿಲಿಗೆ ಎಲೆಯೂ ಸುಡುತ್ತದೆ.

ಮಹಡಿ ಕುಂಡ | ಬಳ್ಳಾರಿ | ಅಕ್ಟೋಬರ್ 6

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ಮೇ ತಿಂಗಳು ಹೇಗೋ ದಾಟಿತು. ಮಣ್ಣು ಬದಲಾಯಿಸಿದೆ, ಫಿಲ್ಟರ್ ನೀರು ನಿಲ್ಲಿಸಿದೆ, ಪರದೆ ಕಟ್ಟಿದೆ. ಹಳದಿ ಒಂದೇ ಒಂದು ಮರಿಗೆ ಇಳಿದಿತ್ತು, ಮಳೆ ಬಂದ ಮೇಲೆ ನಾಲ್ಕು ಮರಿ ಆಯಿತು.

ಗಣೇಶನ ಹಬ್ಬ ಮುಗಿದ ವಾರದಿಂದ ಮಾಸ್ತರು ಹೇಳಿದ ಹಾಗೆ ನಿನ್ನೆಯ ಪರಾಗ, ಬೆಳಗಿನ ಆರೂವರೆ. ಈ ಸಲ 22 ಹೂ. ಕೆಂಪನ್ನೇ ತಾಯಿ ಮಾಡಿದೆ, ಅದು ಬಲವಾಗಿದೆ. ತೊಂದರೆ ಬಂದದ್ದು ಬೇರೆ ಕಡೆಯಿಂದ. ನಾನು ಆರೂವರೆಗೆ ಏಳುವ ಹೊತ್ತಿಗೆ ಅತ್ತೆ ಸ್ನಾನ ಮುಗಿಸಿ ಹೂವಿನ ಬುಟ್ಟಿ ಹಿಡಿದು ಮೇಲೆ ಬಂದಿರುತ್ತಾರೆ. ನಾನು ದೇವರಿಗೆ ಬೇಡ ಅಂತ ಹೇಗೆ ಹೇಳಲಿ? ಕೊನೆಗೆ ನನಗೆ ಬೇಕಾದ ಮೊಗ್ಗಿನ ತೊಟ್ಟಿಗೆ ಹಿಂದಿನ ಸಂಜೆಯೇ ಕೆಂಪು ಉಲ್ಲನ್ ದಾರ ಕಟ್ಟಿದೆ. ಅತ್ತೆ ಅದನ್ನು ಹರಕೆ ದಾರ ಅಂದುಕೊಂಡರಂತೆ! ಯಾರಿಗೆ ಕಟ್ಟಿದ್ದೀಯಾ ಅಂತ ಕೇಳಲೂ ಇಲ್ಲ, ಮುಟ್ಟಲೂ ಇಲ್ಲ. ಎರಡು ವಾರ ಆದ ಮೇಲೆ ಕಾಯಿ ತೋರಿಸಿ ಹೇಳಿದೆ. ಈಗ ದಾರ ಕಟ್ಟುವುದು ಅವರೇ.

ಇವತ್ತಿಗೆ 7 ಕಾಯಿ ನಿಂತಿವೆ. ಮೂಲೆ ಮೂರಾದ ಪುಟ್ಟ ಹಸಿರು ಕಾಯಿ, ಎಳೆ ಬೆಂಡೆಕಾಯಿಯನ್ನು ತುಂಡು ಮಾಡಿಟ್ಟ ಹಾಗೆ. ಎಷ್ಟು ದಿನ ಬಿಡಬೇಕು?

ಎಡೆದೊರೆ ಮಾಸ್ತರ | ರಾಯಚೂರು | ಅಕ್ಟೋಬರ್ 6

22ಕ್ಕೆ 7 ಅಂದರೆ ನನಗಿಂತ ಚೆನ್ನಾಗಿದೆ. ಅತ್ತೆಯವರಿಗೆ ನನ್ನ ನಮಸ್ಕಾರ.

ಸುಮಾರು 50 ದಿನ ಹಿಡಿಯುತ್ತದೆ, ಹತ್ತು ದಿನ ಆಚೀಚೆ. ಕಾಯಿ ಕಂದು ಬಣ್ಣಕ್ಕೆ ತಿರುಗಿ ತುದಿಯಲ್ಲಿ ಸೀಳು ಕಂಡ ದಿನವೇ ಕೊಯ್ಯಿರಿ. ಒಂದು ದಿನ ತಡವಾದರೂ ಬೀಜ ನೆಲಕ್ಕೆ. ಬೀಜ ಕರಿಮೆಣಸಿನಷ್ಟು, ಕಪ್ಪಗೆ ಹೊಳೆಯುತ್ತದೆ. ಒತ್ತಿ ನೋಡಿ, ಗಟ್ಟಿ ಇದ್ದದ್ದು ಮಾತ್ರ ಇಟ್ಟುಕೊಳ್ಳಿ. ನಿಮ್ಮ ಹಳದಿ ಮಲಗುವ ಜಾತಿಯದಲ್ಲವೇ, ಅದರ ರಕ್ತ ಇರುವ ಬೀಜಕ್ಕೆ ಚಳಿ ತೋರಿಸಿದರೆ ಒಟ್ಟಿಗೆ ಮೊಳೆಯುತ್ತವೆ. ಒದ್ದೆ ಮಾಡಿ ಹಿಂಡಿದ ಕಾಗದದಲ್ಲಿ ಸುತ್ತಿ ನಾಲ್ಕು ವಾರ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಫ್ರೀಜರ್‌ನಲ್ಲಿ ಅಲ್ಲ. ಬಿತ್ತುವ ಆಳ ಬೆರಳಿನ ಅರ್ಧ ಗೆಣ್ಣು.

ಚೀಟಿ ಪೆನ್ಸಿಲಿನಲ್ಲಿ ಬರೆಯಿರಿ. ಮಾರ್ಕರ್ ಪೆನ್ನು ಅಳಿಸುವುದಿಲ್ಲ ಅಂತ ಅದರ ಮೇಲೆ ಬರೆದಿರುತ್ತಾರೆ, ನಮ್ಮ ಬಿಸಿಲಿಗೆ ಆರು ತಿಂಗಳು ಸಾಕು. ನನ್ನ ಅಂಗಳದಲ್ಲಿ ಹೆಸರಿಲ್ಲದ ಗಿಡ ಹನ್ನೊಂದು ಇವೆ, ಎಲ್ಲ ಆ ಮಾರ್ಕರ್ ಕೃಪೆ. ತಾಯಿಯ ಹೆಸರು ಮೊದಲು, ಅಪ್ಪನದು ಆಮೇಲೆ, ಅದೇ ರೂಢಿ.

ಚಿಗುರು | ಸಿಂಧನೂರು | ಅಕ್ಟೋಬರ್ 7

ಅಕ್ಕಾ, ಬೀಜದಿಂದ ಬಂದ ಹಳದಿ ಹೂವಿನ ಗಿಡವನ್ನು ಸ್ಟೆಲ್ಲಾ ಅಂತ ಮಾರಬಹುದಾ? ಸುಮ್ನೆ ಕೇಳಿದೆ.

ಗದ್ದೆ ಬದು | ಗಂಗಾವತಿ | ಅಕ್ಟೋಬರ್ 7

ಆ ಬುದ್ಧಿಯಿಂದಲೇ ನಮಗೆಲ್ಲ ತಪ್ಪು ಚೀಟಿಯ ಗಿಡ ಬರುವುದು, ತಮ್ಮಾ. ಸ್ಟೆಲ್ಲಾ ಅಂದರೆ ಸ್ಟೆಲ್ಲಾದ ಬುಡ ಬಿಡಿಸಿದ ಮರಿ ಮಾತ್ರ. ಬೀಜದ್ದು ಅದರ ಮಗಳು, ಅದಕ್ಕೆ ಬೇರೆ ಹೆಸರು.

ಮಹಡಿ ಕುಂಡ | ಬಳ್ಳಾರಿ | ಜನವರಿ 12

ಲೆಕ್ಕ ಒಪ್ಪಿಸುತ್ತಿದ್ದೇನೆ. ಒಂದು ಕಾಯಿಯನ್ನು ಅಳಿಲು ತಿಂದಿತು. ಆರು ಕಾಯಿಯಿಂದ 41 ಗಟ್ಟಿ ಬೀಜ. ಫ್ರಿಜ್‌ನಲ್ಲಿ ಮೊಸರಿನ ಪಕ್ಕ ನಾಲ್ಕು ವಾರ. ಬಿತ್ತಿದ ಒಂಬತ್ತನೇ ದಿನ ಮೊದಲ ಮೊಳಕೆ. ಈಗ 29 ಸಸಿ, ಹುಲ್ಲಿನ ಗರಿ ಹಾಗೆ. ಮೊನ್ನೆ ಮಗಳು ಕಳೆ ಅಂತ ಎರಡು ಕಿತ್ತಳು, ಹಾಗಾಗಿ 27.

ಗಣಿ ಗುಡ್ಡ | ಸಂಡೂರು | ಜನವರಿ 12

ಮೇ ತಿಂಗಳಿಗೆ ಸಂಡೂರಿಗೆ ಕಳಿಸಿಬಿಡಿ, ಇಲ್ಲಿ ಗಿಡದ ನೆರಳಿದೆ, ಸ್ವಲ್ಪ ತಂಪು. ಮಳೆ ಬಿದ್ದ ಮೇಲೆ ವಾಪಸ್ ಕೊಡುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ.

ಎಡೆದೊರೆ ಮಾಸ್ತರ | ರಾಯಚೂರು | ಜನವರಿ 13

ಒಳ್ಳೆ ಮನಸ್ಸಿನ ಮಾತು, ಆದರೆ ಕಳಿಸಬೇಡಿ ತಂಗೀ. ನೀರು ಕೊಡಿ, ಪರದೆ ಕೊಡಿ, ಬುಡಕ್ಕೆ ಭತ್ತದ ಹುಲ್ಲು ಹಾಸಿ. ಆದರೆ ಮೇ ತಿಂಗಳನ್ನು ಅವು ಬಳ್ಳಾರಿಯಲ್ಲೇ ಕಳೆಯಲಿ. ಅಮೆರಿಕದ ತೋಟದಲ್ಲಿ ಆರಿಸಿದ ಗಿಡ ಅಲ್ಲಿನ ಹವೆಗೆ ಆರಿಸಿದ್ದು. ನಮಗೆ ಇಲ್ಲಿ ಹುಟ್ಟಿ ಇಲ್ಲಿ ಉಳಿದದ್ದು ಬೇಕು. 27ರಲ್ಲಿ 10 ಉಳಿದರೂ ಆ ಹತ್ತು ನಿಮ್ಮ ಆಸ್ತಿ. ಹೂವಿನ ಅಂದ ಆಮೇಲೆ ನೋಡೋಣ.

ಗಣಿ ಗುಡ್ಡ | ಸಂಡೂರು | ಜನವರಿ 13

ಒಪ್ಪಲು ಮನಸ್ಸು ಬರುತ್ತಿಲ್ಲ ಮಾಸ್ತರೇ. ಸಸಿಯಾಗಿದ್ದಾಗ ಸತ್ತದ್ದು ದೊಡ್ಡದಾಗಿದ್ದರೆ ಬದುಕುತ್ತಿತ್ತೇನೋ. ಮೊದಲ ವರ್ಷ ಕಾಪಾಡಿ, ಎರಡನೇ ವರ್ಷ ಪರೀಕ್ಷೆ ಮಾಡಿದರೆ ಏನು ನಷ್ಟ?

ಮಹಡಿ ಕುಂಡ | ಬಳ್ಳಾರಿ | ಜನವರಿ 14

ಇಬ್ಬರ ಮಾತೂ ಕೇಳುತ್ತೇನೆ. 9 ಸಂಡೂರಿಗೆ, 18 ನನ್ನ ಹತ್ತಿರ. ಎಲ್ಲರಿಗೂ ಸಂಕ್ರಾಂತಿ ಶುಭಾಶಯ, ಎಳ್ಳು ಬೆಲ್ಲ ತಗೊಳ್ಳಿ.

ಮಹಡಿ ಕುಂಡ | ಬಳ್ಳಾರಿ | ಫೆಬ್ರವರಿ 20, ಮರುವರ್ಷ

ಯಾರಾದರೂ ಇದ್ದೀರಾ ಇಲ್ಲಿ? ಸಂಡೂರಿಗೆ ಹೋದ ಒಂಬತ್ತೂ ಉಳಿದವು, ದಷ್ಟಪುಷ್ಟವಾಗಿ ಮನೆಗೆ ಬಂದಿವೆ. ನನ್ನ ಹತ್ತಿರದ 18ರಲ್ಲಿ 11. ಮೊದಲು ದಂಟು ಹಾಕಿದ್ದು ಮಾತ್ರ ಬಳ್ಳಾರಿಯದೇ, ಎರಡು ಗಿಡ!

ಮೊದಲನೆಯದು ಮೊನ್ನೆ ಅರಳಿತು. ಬಣ್ಣ ಹೇಗೆ ಹೇಳಲಿ, ಹಳೇ ತಗಡಿನ ತುಕ್ಕು. ಮಾಸ್ತರು ಮೊದಲೇ ಹೇಳಿದ್ದರು, ಆದರೂ ಹೊಟ್ಟೆ ಚುರ್ರೆಂದಿತು. ಇವತ್ತು ಎರಡನೆಯದು. ಮಾವಿನ ಹಣ್ಣಿನ ಬಣ್ಣ, ಗಂಟಲ ಹತ್ತಿರ ಕುಂಕುಮ ಇಟ್ಟ ಹಾಗೆ ಒಂದು ಉಂಗುರ. ಮಧ್ಯಾಹ್ನ ಮೂರಾದರೂ ಮುದುಡಿಲ್ಲ. ಮನೆಯವರೆಲ್ಲ ಮೇಲೆ ಹತ್ತಿ ನೋಡಿ ಹೋದರು. ಆಮೇಲೆ ಅಳೆದೆವು. ಮೂರೂಕಾಲು ಇಂಚು. ಕಾಲು ಇಂಚಿನಲ್ಲಿ ಮಿನಿ ತಪ್ಪಿತು.

ಗಣಿ ಗುಡ್ಡ | ಸಂಡೂರು | ಫೆಬ್ರವರಿ 20

ಸೋತೆ, ಒಪ್ಪಿಕೊಂಡೆ. ಅರ್ಧ ಮಾತ್ರ! ನನ್ನ ಒಂಬತ್ತು ಇನ್ನೂ ಹೂ ಬಿಡಬೇಕು.

ಎಡೆದೊರೆ ಮಾಸ್ತರ | ರಾಯಚೂರು | ಫೆಬ್ರವರಿ 20

ಫೋಟೋ ಎರಡು ಸಲ ತೆರೆದು ನೋಡಿದೆ. ಮೂರಾದರೂ ಮುದುಡಿಲ್ಲ ಅನ್ನುವುದೇ ದೊಡ್ಡ ಸುದ್ದಿ. ಸ್ಟೆಲ್ಲಾದ ಮಗಳು ‘ಹ್ಯಾಪಿ ರಿಟರ್ನ್ಸ್’ ಅಂತ ಒಂದಿದೆ, ಡ್ಯಾರೆಲ್ ಆಪ್ಸ್ ಅವರದು, 1986ರದು. ಅದೂ 3 ಇಂಚು ದಾಟುತ್ತದೆ, ಅದರಿಂದ ಅದರ ಹೆಸರೇನೂ ಕೆಟ್ಟಿಲ್ಲ. ಸಸಿಯ ಮೊದಲ ಹೂ ನೋಡಿ ಏನನ್ನೂ ತೀರ್ಮಾನಿಸಬೇಡಿ. ಎರಡು ಮೂರು ವರ್ಷ ನೋಡಿ. ಇದನ್ನು ಮತ್ತೆ ಹಳದಿಗೆ ಕೂಡಿಸಿ, ಅದರ ಮಕ್ಕಳಲ್ಲಿ ಅಳತೆ ಇಳಿಯುತ್ತದೆ.

ಅಂದ ಹಾಗೆ, ಹೂವನ್ನು ಹೇಗೆ ಅಳೆದಿರಿ? ಗಿಡದಲ್ಲಿದ್ದ ಹಾಗೆಯೇ ಅಳೆಯಬೇಕು, ದಳ ಬಿಡಿಸಬಾರದು.

ಮಹಡಿ ಕುಂಡ | ಬಳ್ಳಾರಿ | ಫೆಬ್ರವರಿ 20

ಅಯ್ಯೋ! ಅತ್ತೆ ದಳಗಳನ್ನು ಅಂಗೈ ಮೇಲೆ ಚಪ್ಪಟೆ ಮಾಡಿ ಹಿಡಿದಿದ್ದರು, ನಾನು ಸ್ಕೇಲ್ ಇಟ್ಟೆ. ಅದೇ ದಂಟಿನಲ್ಲಿ ಇನ್ನೊಂದು ಮೊಗ್ಗು ಉಬ್ಬಿದೆ, ನಾಳೆ ಬೆಳಿಗ್ಗೆ ಅರಳಬಹುದು. ಸ್ಕೇಲ್ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತೇನೆ. ನಾಳೆ ಸೋಮವಾರ, ಅತ್ತೆ ಐದೂವರೆಗೇ ಬುಟ್ಟಿ ಹಿಡಿಯುತ್ತಾರೆ. ಈ ಸಲ ದಾರ ಕಟ್ಟಲು ಮರೆತಿದ್ದೇನೆ.